ಚಿಲಿಕಾ: ಮೀನು ಹೇಳಿದ ಲೆಕ್ಕ

ತುಂಬಾ ದಿನಗಳಾದವು ಇಲ್ಲಿ ಬರೆದು. ಆಫೀಸಿನಲ್ಲಿ ಒಂದರ ಹಿಂದೆ ಒಂದು ರಿಲೀಸ್, ಬ್ಲಾಗಿನ ಮೇಲೆ ಧೂಳು ಕೂತಿತ್ತು. ಕಳೆದ ಎರಡು ಮೂರು ವಾರಾಂತ್ಯ ಒಂದೇ ವಿಷಯದ ಹಿಂದೆ ಬಿದ್ದು ಓದಿದ್ದನ್ನು ಇವತ್ತು ಇಳಿಸಿಬಿಡೋಣ ಅಂತ ಕೂತಿದ್ದೇನೆ. ವಿಷಯ ಮೀನು. ಸಸ್ಯಾಹಾರಿ ಮಿತ್ರರು ಓಡಿಹೋಗಬೇಡಿ, ಇದು ರೆಸಿಪಿ ಅಲ್ಲ :-) ಬರಹ ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡು ಕೂತರೆ ಒಳ್ಳೆಯದು.

ಪ್ರಶ್ನೆ ಇಷ್ಟೇ. ಸಮುದ್ರದ ಪಕ್ಕದ ಒಂದು ದೊಡ್ಡ ಸರೋವರ "ಚೆನ್ನಾಗಿದೆ" ಅಥವಾ "ಹಾಳಾಗಿದೆ" ಅಂತ ಹೇಳುವುದು ಹೇಗೆ? ಹಾಳಾಗಿದ್ದರೆ ಅದಕ್ಕೆ ಪ್ರಕೃತಿ ಕಾರಣವೋ, ಮನುಷ್ಯ ಕಾರಣವೋ ಅಂತ ಯಾರನ್ನು ಕೇಳುವುದು? ಅಲ್ಲೇ ವಾಸ ಮಾಡುವ ಮೀನನ್ನು ಕೇಳಿ ಅನ್ನುತ್ತಾರೆ ವಿಜ್ಞಾನಿಗಳು. ಮೀನು ಏನು ಹೇಳಿತು, ನಾವು ಅದನ್ನು ಎಷ್ಟು ಸರಿಯಾಗಿ ಕೇಳಿಸಿಕೊಂಡೆವು ಅನ್ನುವುದೇ ಈ ಕಥೆ. ಕಥೆಯ ಬಹುಪಾಲು ನಡೆಯುವುದು ಒಡಿಶಾದ ಚಿಲಿಕಾದಲ್ಲಿ.

ಸರ್ವರ್ರೂ ಮೀನೂ

ನನ್ನ ಹೊಟ್ಟೆಪಾಡಿನ ಕೆಲಸದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಒಂದು ಸರ್ವರ್ ಬದುಕಿದೆಯಾ ಅಂತ ನೋಡಲು ಪಿಂಗ್ ಮಾಡುತ್ತೇವೆ. ಉತ್ತರ ಬಂತು, ಬದುಕಿದೆ. ಆದರೆ ಅದೇ ಹೊತ್ತಿಗೆ ಬಳಕೆದಾರರು ಪೇಜ್ ತೆರೆಯುತ್ತಿಲ್ಲ ಅಂತ ಬೈಯುತ್ತಿರಬಹುದು. ಪಿಂಗ್ ಹೇಳುವುದು ಆ ಕ್ಷಣದ ಮಾತು. ರಾತ್ರಿ ಮೂರು ಗಂಟೆಗೆ ಏನಾಯಿತು ಅಂತ ತಿಳಿಯಬೇಕಾದರೆ ಲಾಗ್ ಫೈಲ್ ತೆರೆಯಬೇಕು.

ನೀರಿನ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುವುದು ಪಿಂಗ್ ಇದ್ದ ಹಾಗೆ. ಬೆಳಿಗ್ಗೆ ಹನ್ನೊಂದಕ್ಕೆ ದೋಣಿಯಲ್ಲಿ ಹೋಗಿ ಬಾಟಲಿ ತುಂಬಿಸಿಕೊಂಡು ಬಂದರೆ ಆಮ್ಲಜನಕ ಚೆನ್ನಾಗಿಯೇ ಇರುತ್ತದೆ, ಯಾಕೆಂದರೆ ಬಿಸಿಲಿಗೆ ಪಾಚಿ ದ್ಯುತಿಸಂಶ್ಲೇಷಣೆ ಮಾಡುತ್ತಿರುತ್ತದೆ. ಅದೇ ಪಾಚಿ ರಾತ್ರಿಯಿಡೀ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ನಸುಕಿನ ಹೊತ್ತಿಗೆ ಮೀನು ಬಾಯಿ ಬಿಡುತ್ತಿರುತ್ತದೆ. ಬಾಟಲಿಗೆ ಇದು ಗೊತ್ತಿಲ್ಲ. ಮೀನಿಗೆ ಗೊತ್ತು, ಯಾಕೆಂದರೆ ಅದು ಇಪ್ಪತ್ನಾಲ್ಕು ಗಂಟೆ, ವರ್ಷಗಟ್ಟಲೆ ಅದೇ ನೀರಲ್ಲಿ ಇದೆ. ತಿಂದದ್ದು, ಉಸಿರಾಡಿದ್ದು, ತಪ್ಪಿಸಿಕೊಂಡದ್ದು ಎಲ್ಲ ಅದರ ಮೈಯಲ್ಲಿ ಬರೆದಿರುತ್ತದೆ. ಮೀನು ಅಂದರೆ ಈಜುವ ಲಾಗ್ ಫೈಲ್.

ಆ ಫೈಲನ್ನು ಮೂರು ಮಟ್ಟದಲ್ಲಿ ಓದಬಹುದು. ಒಂದು, ಮೀನು ಬದುಕಿದೆಯೋ ಸತ್ತಿದೆಯೋ. ಇದು ಎಲ್ಲರಿಗೂ ಕಾಣುತ್ತದೆ, 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನಿಮಗೆ ನೆನಪಿರಬಹುದು. ಎರಡು, ಯಾವ ಯಾವ ಜಾತಿಯ ಮೀನು ಇದೆ, ಎಷ್ಟಿದೆ, ಎಷ್ಟು ಗಾತ್ರದ್ದು. ಮೂರು, ಒಂದೊಂದು ಮೀನಿನ ಮೈಯೊಳಗೆ ಏನಾಗಿದೆ: ಚರ್ಮದ ಹುಣ್ಣು, ಕೊಳೆತ ರೆಕ್ಕೆ, ಕಿವಿರಿನ ಬಣ್ಣ, ಲಿವರಿನ ಗಡ್ಡೆ.

ಕರಾವಳಿಯ ಮಾರ್ಕೆಟ್ಟಿನಲ್ಲಿ ಕಿವಿರು ಎತ್ತಿ ಕೆಂಪಗಿದೆಯಾ ಅಂತ ನೋಡದೆ ಮೀನು ಕೊಳ್ಳುವ ಹೆಂಗಸನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ವಿಜ್ಞಾನ ಮಾಡಿದ್ದು ಇದನ್ನೇ, ಅಂಕಗಳ ಲೆಕ್ಕ ಇಟ್ಟು.

ಮೀನಿಗೆ ಮಾರ್ಕ್ಸ್ ಕಾರ್ಡ್

ಅಮೆರಿಕದಲ್ಲಿ 1972ರಲ್ಲಿ ಶುದ್ಧ ಜಲ ಕಾಯ್ದೆ ಬಂತು. ನೀರಿನ ರಾಸಾಯನಿಕ, ಭೌತಿಕ ಮತ್ತು ಜೈವಿಕ ಸಮಗ್ರತೆಯನ್ನು ಕಾಪಾಡಬೇಕು ಅಂತ ಆ ಕಾನೂನಿನಲ್ಲಿ ಇದೆ. ರಾಸಾಯನಿಕ ಅಂದರೆ ಸರಿ, ಮೀಟರ್ ಇದೆ. ಜೈವಿಕ ಸಮಗ್ರತೆಯನ್ನು ಅಳೆಯುವುದು ಯಾವ ಮೀಟರಿನಿಂದ? ಇದಕ್ಕೆ ಒಂದು ಉತ್ತರ ಕೊಟ್ಟವರು ಜೇಮ್ಸ್ ಕಾರ್ ಅನ್ನುವ ಜೀವವಿಜ್ಞಾನಿ, 1981ರಲ್ಲಿ. ಒಂದು ತೊರೆಯಲ್ಲಿ ಬಲೆ ಹಾಕಿ, ಸಿಕ್ಕ ಮೀನುಗಳನ್ನೆಲ್ಲ ಹನ್ನೆರಡು ಪ್ರಶ್ನೆಗಳಿಗೆ ಒಡ್ಡಿದರು. ಎಷ್ಟು ಜಾತಿ ಇವೆ? ಮಾಲಿನ್ಯ ತಾಳದ ಸೂಕ್ಷ್ಮ ಜಾತಿಗಳು ಉಳಿದಿವೆಯಾ? ಏನನ್ನೂ ತಿಂದು ಬದುಕುವ ಗಟ್ಟಿಪಿಂಡಗಳ ಪಾಲೆಷ್ಟು? ಬೇರೆ ಮೀನನ್ನು ತಿನ್ನುವ ದೊಡ್ಡ ಮೀನು ಇವೆಯಾ? ರೋಗ, ಗಡ್ಡೆ, ಮುರಿದ ರೆಕ್ಕೆ, ಸೊಟ್ಟ ಮೂಳೆ ಇರುವವು ನೂರಕ್ಕೆ ಎಷ್ಟು? ಪ್ರತಿ ಪ್ರಶ್ನೆಗೆ 5, 3 ಅಥವಾ 1 ಅಂಕ. ಒಟ್ಟು 60ಕ್ಕೆ 60 ಬಂದರೆ ಮನುಷ್ಯನ ಕೈ ತಾಗದ ತೊರೆ. 12 ಬಂದರೆ, ದೇವರೇ ಗತಿ.

ನೋಡಲು ಎಷ್ಟು ಸರಳ ಅಲ್ಲವೇ! ಆದರೆ ಅಲ್ಲಿಯವರೆಗೆ ನೀರಿನ ಆರೋಗ್ಯ ಅಂದರೆ ಹೆಚ್ಚಾಗಿ ಮಿಲಿಗ್ರಾಂ ಲೆಕ್ಕ ಆಗಿತ್ತು. ನೀರಲ್ಲಿ ಬದುಕುವವರ ಹೇಳಿಕೆಯನ್ನೂ ಸಾಕ್ಷಿಯಾಗಿ ತೆಗೆದುಕೊಳ್ಳುವುದು ಇಲ್ಲಿಂದ ಗಟ್ಟಿಯಾಯಿತು. ಮುಂದೆ ಯುರೋಪ್ ಒಕ್ಕೂಟ 2000ದಲ್ಲಿ ತಂದ ನೀರಿನ ಚೌಕಟ್ಟು ನಿರ್ದೇಶನದಲ್ಲಿ, ನದಿ ಸಮುದ್ರಕ್ಕೆ ಸೇರುವ ಜಾಗಗಳ ಸ್ಥಿತಿ ನಿರ್ಧರಿಸಲು ಮೀನುಗಳನ್ನೂ ನೋಡಲೇಬೇಕು ಅಂತ ಆಯಿತು.

ಮೂರನೇ ಮಟ್ಟದ ಓದಿಗೆ ಒಳ್ಳೆಯ ಉದಾಹರಣೆ ಅಮೆರಿಕದ ಪಶ್ಚಿಮ ತೀರದ ಪ್ಯೂಜೆಟ್ ಸೌಂಡ್. ಅಲ್ಲಿ ಇಂಗ್ಲಿಷ್ ಸೋಲ್ ಅಂತ ಒಂದು ಚಪ್ಪಟೆ ಮೀನು ಇದೆ, ನಮ್ಮ ಕರಾವಳಿಯ ನಂಗಿನ ದೂರದ ನೆಂಟ ಅನ್ನಿ. ತಳದ ಕೆಸರಿಗೆ ಅಂಟಿಕೊಂಡೇ ಬದುಕುತ್ತದೆ. ಕೈಗಾರಿಕೆ ಇದ್ದ ಕಡೆಯ ಈ ಮೀನುಗಳ ಲಿವರಿನಲ್ಲಿ ಗಡ್ಡೆಗಳು ಇರುವುದು 1970ರ ದಶಕದ ಕೊನೆಗೆ, 1980ರ ದಶಕದಲ್ಲಿ ಗೊತ್ತಾಯಿತು. ಈಗಲ್ ಹಾರ್ಬರ್ ಅನ್ನುವಲ್ಲಿ ಮರದ ದಿಮ್ಮಿಗಳಿಗೆ ಕ್ರಿಯೋಸೋಟ್ ಎಣ್ಣೆ ಹಚ್ಚುವ ಕಾರ್ಖಾನೆ ಇತ್ತು, ಅದರ ವಿಷವೆಲ್ಲ ತಳದ ಕೆಸರಿನಲ್ಲಿ ಸೇರಿತ್ತು. 1993-94ರಲ್ಲಿ ಆ ಕೆಸರಿನ ಮೇಲೆ ಸ್ವಚ್ಛ ಮರಳಿನ ಹೊದಿಕೆ ಹಾಸಿದರು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಮೀನುಗಳ ಲಿವರಿನ ರೋಗ ಗಣನೀಯವಾಗಿ ಇಳಿಯಿತು. ಬಗ್ ಹುಡುಕಿ, ಪ್ಯಾಚ್ ಹಾಕಿ, ಮತ್ತೆ ಟೆಸ್ಟ್ ಓಡಿಸಿದಷ್ಟೇ ಸ್ಪಷ್ಟ. ಮೀನಿನ ಮೈ ಸಾಕ್ಷಿ ಹೇಳಿತು, ಮನುಷ್ಯ ತಿದ್ದಿಕೊಂಡ, ಮೀನಿನ ಮೈ ಮತ್ತೆ ಸಾಕ್ಷಿ ಹೇಳಿತು.

ಲಗೂನಿನ ತಕರಾರು

ಈಗ ಲಗೂನಿಗೆ ಬರೋಣ. ಸಮುದ್ರಕ್ಕೂ ನೆಲಕ್ಕೂ ನಡುವೆ, ಒಂದು ಮರಳಿನ ದಿಬ್ಬದ ಹಿಂದೆ ಸಿಕ್ಕಿಕೊಂಡ ಆಳವಿಲ್ಲದ ನೀರು ಅಂದರೆ ಲಗೂನ್. ಒಂದು ಕಡೆಯಿಂದ ನದಿಯ ಸಿಹಿನೀರು, ಇನ್ನೊಂದು ಕಡೆ ಕಿರಿದಾದ ಬಾಯಿಯಿಂದ ಕಡಲಿನ ಉಪ್ಪುನೀರು. ನಮ್ಮ ಕಡೆ ಅಳಿವೆ ಅನ್ನುತ್ತೇವಲ್ಲ, ಆ ಅಳಿವೆಯ ಬಾಯಿಯೇ ಲಗೂನಿನ ಮೂಗು. ಅದು ಮುಚ್ಚಿದರೆ ಉಸಿರು ಕಟ್ಟುತ್ತದೆ.

ತೊಂದರೆ ಏನೆಂದರೆ, ಲಗೂನ್ ಸಹಜವಾಗಿಯೇ ಕಷ್ಟದ ಜಾಗ. ಮಳೆಗಾಲದಲ್ಲಿ ನೀರು ಸಪ್ಪೆ, ಬೇಸಿಗೆಯಲ್ಲಿ ಉಪ್ಪು. ಒಂದು ದಿನ ತಿಳಿ, ಒಂದು ದಿನ ಬಗ್ಗಡ. ಇಲ್ಲಿ ಉಳಿಯುವುದು ಇದೆಲ್ಲ ತಡೆದುಕೊಳ್ಳುವ ಕೆಲವೇ ಗಟ್ಟಿ ಜಾತಿಗಳು. ಮಾಲಿನ್ಯ ಆದ ಕಡೆಯೂ ಹೀಗೆಯೇ, ಜಾತಿ ಕಡಿಮೆ, ಗಟ್ಟಿಗರು ಹೆಚ್ಚು. ಹಾಗಾದರೆ ಎದುರಿಗಿರುವುದು ಪ್ರಕೃತಿಯ ಕಷ್ಟವೋ, ಮನುಷ್ಯ ಕೊಟ್ಟ ಕಷ್ಟವೋ? ಮೈಕ್ ಎಲಿಯಟ್ ಮತ್ತು ವಿಕ್ಟರ್ ಕಿಂಟಿನೊ ಅನ್ನುವ ಇಬ್ಬರು ವಿಜ್ಞಾನಿಗಳು 2007ರಲ್ಲಿ ಇದಕ್ಕೆ ಅಳಿವೆಗಳ ವಿರೋಧಾಭಾಸ ಅನ್ನುವ ಅರ್ಥದ ಹೆಸರನ್ನೇ ಕೊಟ್ಟರು. ಕಾರ್ ಅವರ ಹನ್ನೆರಡು ಪ್ರಶ್ನೆಗಳನ್ನು ತಂದು ಲಗೂನಿಗೆ ನೇರ ಅಂಟಿಸಿದರೆ ಫಲಿತಾಂಶ ತಪ್ಪುತ್ತದೆ.

ಹಾಗಾದರೆ ದಾರಿ? ಹಳೆಯ ದಾಖಲೆ ಬೇಕು. ಇದೇ ಲಗೂನ್ ಐವತ್ತು, ನೂರು ವರ್ಷದ ಹಿಂದೆ ಹೇಗಿತ್ತು ಅಂತ ಯಾರಾದರೂ ಬರೆದಿಟ್ಟಿರಬೇಕು. ಚಿಲಿಕಾದ ಪುಣ್ಯ, ಅಲ್ಲಿ ಬರೆದಿಟ್ಟಿದ್ದರು.

1914: ಮೊದಲ ಬೇಸ್‌ಲೈನ್

ಚಿಲಿಕಾ ಏಷ್ಯಾದ ಅತಿ ದೊಡ್ಡ ಚೌಳುನೀರಿನ ಲಗೂನ್ ಅನ್ನುತ್ತಾರೆ. ಬೇಸಿಗೆಯಲ್ಲಿ ಸುಮಾರು 906 ಚದರ ಕಿಮೀ, ಮಳೆಗಾಲದಲ್ಲಿ ಸುಮಾರು 1,165 ಚದರ ಕಿಮೀ. ಪುರಿ, ಖುರ್ದಾ, ಗಂಜಾಂ ಮೂರು ಜಿಲ್ಲೆಗಳಿಗೆ ಹರಡಿದೆ. ಮಹಾನದಿಯ ಕವಲುಗಳು ಬಂದು ಸೇರುತ್ತವೆ. ಅವುಗಳಲ್ಲಿ ಒಂದರ ಹೆಸರು ದಯಾ. ಇದರ ದಡದ ಧೌಲಿಯಲ್ಲೇ ಅಶೋಕನ ಶಾಸನ ಇರುವುದು.

1914ರಲ್ಲಿ ಕಲ್ಕತ್ತಾದ ಇಂಡಿಯನ್ ಮ್ಯೂಸಿಯಮ್ಮಿನ ನೆಲ್ಸನ್ ಅನಂಡೇಲ್ ಮತ್ತು ಸ್ಟ್ಯಾನ್ಲಿ ಕೆಂಪ್ ಈ ಸರೋವರದ ಜೀವಿಗಳ ಸಮೀಕ್ಷೆಗೆ ಇಳಿದರು. (ಮರುವರ್ಷ, 1915ರಲ್ಲಿ, ನಮ್ಮ ರಾಯಚೂರಿನ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿತು. ಸಂಬಂಧ ಏನಿಲ್ಲ, ನೆನಪಾಯಿತು ಅಷ್ಟೇ!) ಅವರ ವರದಿಗಳು 1915ರಿಂದ ಸುಮಾರು ಒಂದು ದಶಕ ಕಂತು ಕಂತಾಗಿ ಬಂದವು. 1916ರಲ್ಲಿ ಭಾರತೀಯ ಪ್ರಾಣಿಶಾಸ್ತ್ರ ಸಮೀಕ್ಷೆ ಶುರುವಾದಾಗ ಅನಂಡೇಲ್ ಅವರೇ ಮೊದಲ ನಿರ್ದೇಶಕ. ಮೀನಿನ ಭಾಗ ಬರೆದವರು ಬಿ. ಎಲ್. ಚೌಧುರಿ, ನಂತರ 1923ರಲ್ಲಿ ಸುಂದರ್ ಲಾಲ್ ಹೋರಾ. ಪಶ್ಚಿಮ ಘಟ್ಟದ ತೊರೆಗಳ ಮೀನಿಗೂ ಅಷ್ಟು ದೂರದ ಮಲಯಾ ಕಡೆಯ ಮೀನಿಗೂ ನಂಟು ಹೇಗೆ ಬಂತು ಅಂತ ಮುಂದೆ ಸಾತ್ಪುರ ಸಿದ್ಧಾಂತ ಮಂಡಿಸಿದರಲ್ಲ, ಅದೇ ಹೋರಾ.

ಅನಂಡೇಲ್ ಕಾಲದವರಿಗೆ ಪರಿಸರ ಮಾಲಿನ್ಯ ಅಳೆಯುವ ಉದ್ದೇಶ ಇರಲಿಲ್ಲ. ಎಲ್ಲಿ ಏನಿದೆ ಅಂತ ಪಟ್ಟಿ ಮಾಡಿದರು, ಅಷ್ಟೇ. ಆದರೆ ಆ ಪಟ್ಟಿಯೇ ಮುಂದೆ ಬೇಸ್‌ಲೈನ್ ಆಯಿತು. ಆಮೇಲೆ ಎಸ್. ಜೋನ್ಸ್ ಮತ್ತು ಕೆ. ಎಚ್. ಸುಜಾನ್‌ಸಿಂಗಾನಿ 1948ರಿಂದ 1950ರವರೆಗಿನ ಮೀನು ಹಿಡುವಳಿಯ ಅಂಕಿಅಂಶ ಸಮೇತ 1954ರಲ್ಲಿ ದೊಡ್ಡ ಲೇಖನ ಪ್ರಕಟಿಸಿದರು. 1985ರಿಂದ 87ರವರೆಗೆ ಪ್ರಾಣಿಶಾಸ್ತ್ರ ಸಮೀಕ್ಷೆ ಮತ್ತೊಮ್ಮೆ ಸರೋವರವನ್ನು ಜಾಲಾಡಿತು. ಯಾವುದೋ ಮೂಲೆಯಲ್ಲಿ ಕೂತು ಯಾರೋ ಬೇಸರವಿಲ್ಲದೆ ಬರೆದಿಟ್ಟ ಲಾಗ್ ಎಪ್ಪತ್ತು ವರ್ಷದ ನಂತರ ಉಪಯೋಗಕ್ಕೆ ಬರುತ್ತದೆ ನೋಡಿ. ಕಾಮೆಂಟ್ ಇಲ್ಲದೆ ಕೋಡ್ ಬರೆಯುವವರು ಗಮನಿಸತಕ್ಕದ್ದು :)

ಮೂಗು ಕಟ್ಟಿದಾಗ

ಚಿಲಿಕಾದ ಮೀನುಗಳಲ್ಲಿ ಎರಡು ಬಗೆ. ಕೇರಳದವರು ಕರಿಮೀನ್ ಅನ್ನುತ್ತಾರಲ್ಲ, ಅಂಥವು ಲಗೂನಿನೊಳಗೇ ಮರಿ ಮಾಡಿ ಅಲ್ಲೇ ಬದುಕುತ್ತವೆ. ಆದರೆ ಬೆಲೆ ಬಾಳುವ ಹಲವು ಜಾತಿಗಳು, ಮುಲೆಟ್ ಮೀನು, ಹುಲಿ ಸಿಗಡಿ, ಕೆಸರೇಡಿ, ಇವೆಲ್ಲ ಮೊಟ್ಟೆ ಇಡಲು ಕಡಲಿಗೆ ಹೋಗುತ್ತವೆ. ಮರಿಗಳು ಬಾಯಿಯ ಮೂಲಕ ಒಳಗೆ ಬಂದು, ಲಗೂನಿನ ತಣ್ಣನೆ ಮಡಿಲಲ್ಲಿ ಬೆಳೆದು ಮತ್ತೆ ಹೊರಗೆ ಹೋಗುತ್ತವೆ. ತವರಿಗೂ ಗಂಡನ ಮನೆಗೂ ದಾರಿ ಒಂದೇ. ಆ ದಾರಿ ಮುಚ್ಚಿದರೆ ಸಂಸಾರ ಮುಗಿಯಿತು.

ದಾರಿ ಮುಚ್ಚುತ್ತಾ ಬಂತು. ನದಿಗಳ ಮೇಲ್ದಂಡೆಯಲ್ಲಿ ಕಾಡು ಕಡಿಮೆಯಾಗಿ ಹೂಳು ಹೆಚ್ಚಾಯಿತು. ಕಡಲಿನ ತೀರದುದ್ದಕ್ಕೂ ಸರಿಯುವ ಮರಳು ಬಾಯಿಯನ್ನು ಉತ್ತರಕ್ಕೆ ತಳ್ಳುತ್ತಾ ಹೋಯಿತು. ಸರೋವರದಿಂದ ಕಡಲಿಗೆ ಹೋಗುವ ಕಾಲುವೆ ಉದ್ದವಾಗಿ, ಹೂಳು ತುಂಬಿ ಕಿರಿದಾಯಿತು. ಕಡಲ ನೀರು ಒಳಗೆ ಬರುವುದು ಕಡಿಮೆಯಾದಾಗ ಉಪ್ಪಿನಂಶ ಇಳಿಯಿತು, ಸಿಹಿನೀರಿನ ಜೊಂಡು ಹಬ್ಬಿತು.

ಮೀನಿನ ಲೆಕ್ಕ ನೋಡಿ. 1980ರ ದಶಕದ ನಡುವೆ ವರ್ಷಕ್ಕೆ ಎಂಟೂವರೆ ಸಾವಿರ ಟನ್ನಿನ ಆಸುಪಾಸು ಸಿಗುತ್ತಿದ್ದದ್ದು 1995-96ಕ್ಕೆ ಸುಮಾರು 1,270 ಟನ್ನಿಗೆ ಬಿತ್ತು. ಹತ್ತು ವರ್ಷದಲ್ಲಿ ಏಳನೇ ಒಂದು ಪಾಲಿಗಿಂತ ಕೊಂಚವೇ ಹೆಚ್ಚು. 1981ರಲ್ಲಿ ಭಾರತದ ಮೊದಲ ರಾಮ್ಸರ್ ತಾಣಗಳಲ್ಲಿ ಒಂದಾಗಿ ಮಾನ ಪಡೆದಿದ್ದ ಸರೋವರ 1993ರಲ್ಲಿ ಮೊಂಟ್ರೂ ದಾಖಲೆಗೆ ಸೇರಿತು. ಅಪಾಯದಲ್ಲಿರುವ ರಾಮ್ಸರ್ ತಾಣಗಳ ಪಟ್ಟಿ ಅದು, ಐಸಿಯು ಅಂದುಕೊಳ್ಳಿ.

ಇಲ್ಲಿಯವರೆಗೆ ಬರೀ ಹೂಳಿನ ಕಥೆ. ಆದರೆ ಇದೇ ಕಾಲದಲ್ಲಿ ಸಿಗಡಿಗೆ ಹೊರದೇಶದಲ್ಲಿ ಚಿನ್ನದ ಬೆಲೆ ಬಂತು. ಆಳವಿಲ್ಲದ ನೀರಿಗೆ ಬಲೆ, ಬಿದಿರು, ಮಣ್ಣಿನ ಬದು ಕಟ್ಟಿ ಒಳಗೆ ಸಿಗಡಿ ಬೆಳೆಯುವ ಘೇರಿಗಳು ಎದ್ದವು. ಕಟ್ಟಿದವರಲ್ಲಿ ಹೆಚ್ಚಿನವರು ಪರಂಪರೆಯ ಮೀನುಗಾರರಲ್ಲ, ಹಣ, ಬಲ ಇದ್ದವರು. ತಲೆಮಾರುಗಳಿಂದ ಯಾವ ಜಾತಿಯವರು ಎಲ್ಲಿ, ಯಾವ ಬಲೆ ಹಾಕಬೇಕು ಅಂತ ತಾವೇ ಒಪ್ಪಂದ ಮಾಡಿಕೊಂಡು ಬದುಕುತ್ತಿದ್ದ ಮೀನುಗಾರರಿಗೆ ತಮ್ಮದೇ ನೀರಿನಲ್ಲಿ ಬೇಲಿ ಎದುರಾಯಿತು. 1990ರ ದಶಕದ ಆರಂಭದಲ್ಲಿ ಟಾಟಾ ಸಂಸ್ಥೆ ಮತ್ತು ಒಡಿಶಾ ಸರ್ಕಾರದ ಜಂಟಿ ಸಿಗಡಿ ಯೋಜನೆಯ ವಿರುದ್ಧ ಚಿಲಿಕಾ ಬಚಾವೋ ಆಂದೋಲನ ನಡೆಯಿತು, ಯೋಜನೆ ನಿಂತಿತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಸಾಕಣೆ ಕುರಿತು ಕೊಟ್ಟ ತೀರ್ಪಿನಲ್ಲಿ ಚಿಲಿಕಾ ಮತ್ತು ಪುಲಿಕಾಟ್ ಸರೋವರಗಳ ಸುತ್ತ 1,000 ಮೀಟರ್ ಒಳಗೆ ಸಿಗಡಿ ಉದ್ಯಮ ಕೂಡದು ಅಂದಿತು.

ಆದರೂ ಘೇರಿಗಳು ಹೋಗಲಿಲ್ಲ. 1999ರ ಮೇ 29ರಂದು ಮೀನುಗಾರರೇ ಸೇರಿ ಘೇರಿಗಳನ್ನು ಕಿತ್ತರು. ಆ ರಾತ್ರಿ ಸೋರಣ ಅನ್ನುವ ಊರಿನಲ್ಲಿ ಪೋಲೀಸರ ಗುಂಡಿಗೆ ನಾಲ್ಕು ಜೀವ ಹೋಯಿತು.

ಮೀನಿನ ಆರೋಗ್ಯ ಅಂತ ಓದುತ್ತಾ ಹೋದವನಿಗೆ ಈ ಸಾಲಿನ ಹತ್ತಿರ ಬಂದಾಗ ಮುಂದೆ ಓದಲು ಆಗಲಿಲ್ಲ. ಟನ್ನುಗಳ ಗ್ರಾಫು ಕೆಳಗೆ ಇಳಿಯುವುದನ್ನು ನಾವು ಇಲ್ಲಿ ಸ್ಕ್ರೀನಿನ ಮೇಲೆ ನೋಡುತ್ತೇವೆ. ಆ ಗ್ರಾಫಿನ ಪ್ರತಿ ಇಳಿಜಾರಿನಲ್ಲಿ ಒಬ್ಬರ ಮನೆಯ ಒಲೆ ಇರುತ್ತದೆ.

ಹೊಸ ಬಾಯಿ

ಒಡಿಶಾ ಸರ್ಕಾರ 1990ರ ದಶಕದ ಆರಂಭದಲ್ಲಿ ಚಿಲಿಕಾ ಅಭಿವೃದ್ಧಿ ಪ್ರಾಧಿಕಾರ ರಚಿಸಿತ್ತು. ಪುಣೆಯ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದವರು ನೀರಿನ ಹರಿವಿನ ಮಾದರಿ ಮಾಡಿ ನೋಡಿದರು. ಉತ್ತರ ಹೀಗೆ ಬಂತು: ಹಳೆಯ ಉದ್ದದ ಕಾಲುವೆಯನ್ನು ನೆಚ್ಚಿಕೊಳ್ಳುವ ಬದಲು, ಮರಳಿನ ದಿಬ್ಬವನ್ನೇ ಸರೋವರಕ್ಕೆ ಹತ್ತಿರವಾಗುವ ಜಾಗದಲ್ಲಿ ಕತ್ತರಿಸಿ ಹೊಸ ಬಾಯಿ ತೆರೆಯಿರಿ. 2000ದ ಸೆಪ್ಟೆಂಬರ್ 23ರಂದು ಸಾತಪಾಡಾ ಹತ್ತಿರದ ಸಿಪಕುದದಲ್ಲಿ ಹೊಸ ಬಾಯಿ ತೆರೆಯಿತು. ಕಡಲಿಗೆ ಹೋಗುವ ದಾರಿ 18 ಕಿಮೀ ಕಡಿಮೆಯಾಯಿತು.

ಮೀನು ಉತ್ತರ ಕೊಡಲು ಹೆಚ್ಚು ಕಾಯಿಸಲಿಲ್ಲ. 1999-2000ದಲ್ಲಿ 1,746 ಟನ್ ಇದ್ದ ಹಿಡುವಳಿ 2001-02ರಲ್ಲಿ ಸುಮಾರು 12 ಸಾವಿರ ಟನ್ನಿಗೆ ಏರಿತು. ಎರಡು ವರ್ಷದಲ್ಲಿ ಏಳು ಪಟ್ಟು! ಕಾಣೆಯಾಗಿದ್ದ ಕೆಲವು ಜಾತಿಗಳು ಮತ್ತೆ ಕಂಡವು. ಜೊಂಡು ಹಿಂದೆ ಸರಿಯಿತು. ಸಾತಪಾಡಾ ಕಡೆಯ ಐರಾವಡಿ ಡಾಲ್ಫಿನ್‌ಗಳಿಗೂ ಒಳ್ಳೆಯ ದಿನ ಬಂತು. 2002ರಲ್ಲಿ ಚಿಲಿಕಾವನ್ನು ಮೊಂಟ್ರೂ ದಾಖಲೆಯಿಂದ ತೆಗೆದರು. ಐಸಿಯುನಿಂದ ಹೊರಬಂದ ಏಷ್ಯಾದ ಮೊದಲ ತಾಣ ಇದು. ಅದೇ ವರ್ಷ ರಾಮ್ಸರ್ ಪ್ರಶಸ್ತಿಯೂ ಬಂತು.

ಇಂಜಿನಿಯರಿಂಗ್ ಓದಿದವನಾಗಿ ನನಗೆ ಇದು ಬಹಳ ಇಷ್ಟವಾಗುವ ಭಾಗ. ಸಿಮ್ಯುಲೇಷನ್, ಡಿಸೈನ್, ಕಟಿಂಗ್, ರಿಸಲ್ಟ್. ಇಲ್ಲಿಗೆ ಶುಭಂ ಹಾಕಿ ಚಪ್ಪಾಳೆ ತಟ್ಟಬಹುದಿತ್ತು...

ಹಿಡುವಳಿಯೇ ಆರೋಗ್ಯವಾ?

ಆದರೆ ಸ್ವಲ್ಪ ತಡೆಯಿರಿ. 1,746 ಮತ್ತು 12 ಸಾವಿರ ಅನ್ನುವುವು ಸರೋವರದಲ್ಲಿದ್ದ ಮೀನಿನ ಸಂಖ್ಯೆಗಳಲ್ಲ, ಸರೋವರದಿಂದ ತೆಗೆದ ಮೀನಿನ ಸಂಖ್ಯೆಗಳು. ಬ್ಯಾಂಕಿನಲ್ಲಿ ಎಷ್ಟಿದೆ ಅಂತ ಕೇಳಿದರೆ ಈ ತಿಂಗಳು ಎಷ್ಟು ಡ್ರಾ ಮಾಡಿದೆ ಅಂತ ಹೇಳಿದ ಹಾಗೆ. ಸಂಬಳ ಹೆಚ್ಚಿದರೂ ಡ್ರಾ ಹೆಚ್ಚಾಗುತ್ತದೆ, ಎಫ್‌ಡಿ ಮುರಿದರೂ ಹೆಚ್ಚಾಗುತ್ತದೆ.

ಕಣ್ಣು ಸಣ್ಣದಾದ ಬಲೆ ಹಾಕಿ. ಜೀರೋ ನೆಟ್ ಅನ್ನುತ್ತಾರೆ, ಸೊಳ್ಳೆಪರದೆಯಷ್ಟು ಸಣ್ಣ ಕಣ್ಣು. ಮರಿಯೂ ಬರುತ್ತದೆ, ಟನ್ನೂ ಬರುತ್ತದೆ. ಗ್ರಾಫು ಮೇಲೇ ಇರುತ್ತದೆ, ಬುಡ ಖಾಲಿಯಾಗುತ್ತಿರುತ್ತದೆ. ಚಾರ್ಲ್ಸ್ ಗುಡ್‌ಹಾರ್ಟ್ ಅನ್ನುವ ಬ್ರಿಟಿಷ್ ಅರ್ಥಶಾಸ್ತ್ರಜ್ಞರು 1975ರಲ್ಲಿ ಹೇಳಿದ ಮಾತಿನ ತಾತ್ಪರ್ಯ ಇದೇ: ಒಂದು ಅಳತೆಯನ್ನು ಗುರಿ ಮಾಡಿಕೊಂಡ ತಕ್ಷಣ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಎಷ್ಟು ಸಾಲು ಕೋಡ್ ಬರೆದೆ ಅಂತ ಲೆಕ್ಕ ಹಾಕುವ ಮ್ಯಾನೇಜರನ ಕೈಕೆಳಗೆ ಕೆಲಸ ಮಾಡಿದವರಿಗೆ ವಿವರಿಸಬೇಕಾಗಿಲ್ಲ.

ಬಾಯಿ ತೆರೆದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ಕೆಲಸ ಮಾಡಿತು ಅನ್ನುವುದಕ್ಕೆ ಉಪ್ಪಿನಂಶ, ಜೊಂಡು, ಮರಳಿ ಬಂದ ಜಾತಿಗಳು ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತವೆ. ಒಂದೇ ಸಂಖ್ಯೆಯನ್ನು ನಂಬಬೇಡಿ ಅಂತ ಅಷ್ಟೇ. ಹೂಳಿನ ಸಮಸ್ಯೆಯನ್ನು ಡ್ರೆಜರ್ ಬಿಡಿಸಬಹುದು. ಯಾರ ನೀರು, ಯಾರ ಬಲೆ ಅನ್ನುವ ಸಮಸ್ಯೆಯನ್ನು ಡ್ರೆಜರ್ ಬಿಡಿಸುವುದಿಲ್ಲ. ಹೊಸ ಬಾಯಿ ಬಂದ ನಂತರವೂ ಘೇರಿ ತೆರವು ಕಾರ್ಯಾಚರಣೆಗಳು ಮತ್ತೆ ಮತ್ತೆ ನಡೆಯಬೇಕಾಗಿ ಬಂದದ್ದೇ ಇದಕ್ಕೆ ಸಾಕ್ಷಿ.

ಪ್ರಾಧಿಕಾರದವರಿಗೂ ಇದು ಗೊತ್ತಿತ್ತು ಅನ್ನಿಸುತ್ತದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರ ಜೊತೆ ಸೇರಿ 2012ರಲ್ಲಿ ಚಿಲಿಕಾಕ್ಕೆ ಒಂದು ಆರೋಗ್ಯ ರಿಪೋರ್ಟ್ ಕಾರ್ಡ್ ತಂದರು. ಹತ್ತು ಸೂಚಕಗಳು, ಮೂರು ಗುಂಪು: ನೀರಿನ ಗುಣ, ಮೀನುಗಾರಿಕೆ, ಜೀವವೈವಿಧ್ಯ. ಮೀನಿನ ವಿಷಯದಲ್ಲಿ ಒಟ್ಟು ಹಿಡುವಳಿಯ ಜೊತೆ ಎಷ್ಟು ಜಾತಿ, ಎಷ್ಟು ಗಾತ್ರ ಅನ್ನುವುದನ್ನೂ ನೋಡಿದರು. ಒಟ್ಟಾರೆ ಸಿಕ್ಕ ದರ್ಜೆ "ಬಿ". ಗಾತ್ರ ಅನ್ನುವ ಒಂದು ಕಾಲಂ ಸೇರಿಸಿದ್ದರಿಂದ ಜೀರೋ ನೆಟ್ಟಿನ ಆಟ ಬಯಲಾಗುತ್ತದೆ. ಟನ್ ಎಷ್ಟೇ ಇರಲಿ, ಮೀನು ಚಿಕ್ಕದಾಗುತ್ತಾ ಬಂದರೆ ಅಂಕ ಇಳಿಯಲೇಬೇಕು. 1981ರಲ್ಲಿ ಅಮೆರಿಕದ ತೊರೆಗಳಿಗೆ ಹಾಕಿದ ಮಾರ್ಕ್ಸ್ ಕಾರ್ಡಿನ ದೂರದ ಮೊಮ್ಮಗು ಇದು ಅನ್ನಬಹುದು. ಪಠ್ಯಕ್ರಮ ಮಾತ್ರ ಚಿಲಿಕಾದ್ದೇ.

ಮೀನು ತಡವಾಗಿ ಹೇಳಿದಾಗ

ಸ್ಪೇನಿನ ಒಂದು ಲಗೂನಿನ ಕಥೆ ಸೇರಿಸದೆ ಇದು ಪೂರ್ತಿಯಾಗುವುದಿಲ್ಲ. ಮಾರ್ ಮೆನೋರ್, ಅಂದರೆ "ಚಿಕ್ಕ ಸಮುದ್ರ". 135 ಚದರ ಕಿಮೀ. 1970ರ ದಶಕದಲ್ಲಿ ಎಸ್ತಾಸಿಯೊ ಅನ್ನುವ ಕಾಲುವೆಯನ್ನು ಅಗಲಿಸಿ ಆಳ ಮಾಡಿದರು. 1979ರಲ್ಲಿ ತಾಹೊ ನದಿಯ ನೀರು ಆ ಬಯಲಿಗೆ ಬಂತು, ಒಣ ಬೇಸಾಯ ಹೋಗಿ ತರಕಾರಿಯ ನೀರಾವರಿ ಶುರುವಾಯಿತು, ಗೊಬ್ಬರದ ನೈಟ್ರೇಟ್ ಲಗೂನಿಗೆ ಇಳಿಯತೊಡಗಿತು. ಆದರೆ ವರ್ಷಗಟ್ಟಲೆ ನೀರು ತಿಳಿಯಾಗಿಯೇ ಇತ್ತು, ತಳದ ಸಸ್ಯಗಳು, ಲೋಳೆಮೀನುಗಳು ಅದನ್ನೆಲ್ಲ ನುಂಗಿಕೊಳ್ಳುತ್ತಿದ್ದವು. ಪ್ರವಾಸಿಗರು ಬಂದರು, ಹೋಟೆಲ್ ಎದ್ದವು. ಎಲ್ಲ ಡ್ಯಾಶ್‌ಬೋರ್ಡೂ ಹಸಿರು.

2016ರಲ್ಲಿ ನೀರೇ ಹಸಿರಾಯಿತು. ಪಾಚಿ ಬೆಳೆದು ಬೆಳಕು ತಳ ಮುಟ್ಟದೆ ತಳದ ಸಸ್ಯಗಳಲ್ಲಿ ಸುಮಾರು ಶೇಕಡಾ 85 ಸತ್ತವು. 2019ರ ಸೆಪ್ಟೆಂಬರಿನಲ್ಲಿ ಭಾರಿ ಮಳೆ ಬಂದು ಹೊಲಗಳ ನೀರೆಲ್ಲ ಒಳಗೆ ನುಗ್ಗಿತು. ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ, ಎರಡೂ ಬೆರೆಯದೆ ತಳದಲ್ಲಿ ಆಮ್ಲಜನಕ ಮುಗಿಯಿತು. ಅಕ್ಟೋಬರ್ 12ರಂದು ಮೀನು, ಸಿಗಡಿ, ಏಡಿ, ಹಾವುಮೀನು ಎಲ್ಲ ದಡಕ್ಕೆ ಓಡಿ ಬಂದು ಮರಳಿನ ಅಂಚಿನಲ್ಲಿ ಬಾಯಿ ಬಿಡುತ್ತಾ ಸತ್ತವು. ಸುಮಾರು ಮೂರು ಟನ್. 2021ರ ಆಗಸ್ಟಿನಲ್ಲಿ ಮತ್ತೆ ಟನ್ನುಗಟ್ಟಲೆ. ಬಿಸಿಲು ಕಾರಣ ಅಂದರು ಪ್ರಾಂತ್ಯದ ಅಧಿಕಾರಿಗಳು. ಸ್ಪೇನಿನ ಸಮುದ್ರವಿಜ್ಞಾನ ಸಂಸ್ಥೆ ಅದನ್ನು ಒಪ್ಪಲಿಲ್ಲ.

ಆರು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕಾನೂನು ಪ್ರಾಧ್ಯಾಪಕಿ ತೆರೆಸಾ ವಿಸೆಂತೆ ಮುಂದಾಳತ್ವದ ಆ ಹೋರಾಟದ ಫಲವಾಗಿ 2022ರ ಸೆಪ್ಟೆಂಬರಿನಲ್ಲಿ ಸ್ಪೇನ್ ಈ ಲಗೂನನ್ನು ಕಾನೂನಿನ ದೃಷ್ಟಿಯಲ್ಲಿ ಒಬ್ಬ "ವ್ಯಕ್ತಿ" ಅಂತ ಒಪ್ಪಿತು. ಯುರೋಪಿನಲ್ಲಿ ಇದು ಮೊದಲು. ಒಳ್ಳೆಯ ಸುದ್ದಿಯೇ. ಆದರೆ ಇದಕ್ಕೆ ಮೀನುಗಳು ದಡಕ್ಕೆ ಬಂದು ಸಾಯಬೇಕಾಯಿತು. ಮೊದಲ ಮಟ್ಟದ ಸಂಕೇತ, ಅಂದರೆ ಸಾವು, ಬರುವಷ್ಟರಲ್ಲಿ ತಡವಾಗಿರುತ್ತದೆ. ಸರ್ವರ್ ಬಿದ್ದ ಮೇಲೆ ಬರುವ ಅಲರ್ಟ್ ಯಾರಿಗೆ ಬೇಕು? ಅದಕ್ಕೇ ಎರಡನೇ, ಮೂರನೇ ಮಟ್ಟದ ಓದು ಬೇಕು. ಜಾತಿ, ಗಾತ್ರ, ಕಿವಿರು, ಲಿವರ್. ಅವು ಬಾಯಿ ಬಿಡುವ ಮೊದಲೇ ಹೇಳುತ್ತವೆ.

ನಮ್ಮ ಕಡೆಗೆ

2024ರ ಜನವರಿಯಲ್ಲಿ ಕುಮಟಾದ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. 1981ರಲ್ಲಿ ಚಿಲಿಕಾ ಸೇರಿದ್ದ ಅದೇ ಪಟ್ಟಿ. ಅಣೆಕಟ್ಟಿಲ್ಲದೆ ಹರಿಯುವ ನದಿ, ಚಿಪ್ಪಿಕಲ್ಲು ಹೆಕ್ಕಿ ಬದುಕುವ ಜನ, ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿ, ಆ ಗಜನಿಗಳಲ್ಲಿ ಬಂದ ಸಿಗಡಿ ಸಾಕಣೆ... ಚಿಲಿಕಾದ ಕಥೆ ಓದಿದ ಮೇಲೆ ಈ ಪದಗಳು ಪರಿಚಿತ ಅನ್ನಿಸುತ್ತವೆ. ಪಟ್ಟಿಗೆ ಸೇರುವುದರಿಂದ ಸರೋವರ ಉಳಿಯುವುದಿಲ್ಲ ಅನ್ನುವುದನ್ನು ಚಿಲಿಕಾ 1993ರಲ್ಲೇ ತೋರಿಸಿದೆ. ನಲವತ್ತು ವರ್ಷದ ನಂತರ ಯಾರಾದರೂ ಅಘನಾಶಿನಿಯ ಮೀನು ಏನು ಹೇಳುತ್ತಿದೆ ಅಂತ ಕೇಳಬೇಕಾದರೆ, ಇವತ್ತು ಅದು ಏನು ಹೇಳುತ್ತಿದೆ ಅಂತ ಯಾರಾದರೂ ಬರೆದಿಡಬೇಕು. ಅನಂಡೇಲರಂತೆ ದೋಣಿ, ಸಹಾಯಕರು ಬೇಕಾಗಿಲ್ಲ. ಈ ವರ್ಷ ಯಾವ ಮೀನು ಸಿಕ್ಕಿತು, ಯಾವುದು ಸಿಗಲಿಲ್ಲ, ಎಷ್ಟುದ್ದ ಇತ್ತು, ಮೈಮೇಲೆ ಹುಣ್ಣಿತ್ತೇ ಅಂತ ಬಲೆ ಎಳೆಯುವವರ ಬಾಯಿಂದ ಕೇಳಿ, ತಾರೀಕು ಹಾಕಿ ಬರೆದರೂ ಸಾಕು. ಯಾಕೆಂದರೆ ಮೀನಿನ ಭಾಷೆ ಮೊದಲಿಗೆ ಅರ್ಥವಾಗುವುದು ಅವರಿಗೇ. ಲ್ಯಾಬಿನವರು ಆಮೇಲೆ ಅನುವಾದ ಮಾಡುತ್ತಾರೆ.

ಕುಮಟಾ, ಗೋಕರ್ಣ ಕಡೆಯ ಬ್ಲಾಗಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಕಾಮೆಂಟಿಸಿ. ನಿಮ್ಮ ಮನೆಯ ಹಿರಿಯರು "ಆಗ ಸಿಗುತ್ತಿತ್ತು, ಈಗ ಸಿಗಲ್ಲ" ಅನ್ನುವ ಮೀನಿನ ಹೆಸರು ಒಂದಾದರೂ ಇರುತ್ತದೆ. ಆ ಹೆಸರು, ಯಾವ ಊರು, ಸುಮಾರು ಯಾವ ಇಸವಿಯವರೆಗೆ ಸಿಗುತ್ತಿತ್ತು, ಇಷ್ಟು ಬರೆದರೆ ಸಾಕು. ಎಲ್ಲವನ್ನೂ ಸೇರಿಸಿ ಒಂದು ಪಟ್ಟಿ ಮಾಡಿ ಇಲ್ಲೇ ಹಾಕುತ್ತೇನೆ.